ಹಳೆಯ ಕಂಪ್ಯೂಟರ್ ಆಟಗಳು: ಡಿಜಿಟಲ್ ಮಳಿಗೆಗಳಲ್ಲಿ ಲಭ್ಯತೆ

ಡಾಸ್ ಮತ್ತು ವಿಂಡೋಸ್‌ನ ಆರಂಭದ ಆವೃತ್ತಿಗಳ ಕಾಲದಲ್ಲಿ, ಅಂದರೆ ಸುಮಾರಾಗಿ 1980ರಿಂದ 2000ದ ದಶಕದ ಮೊದಲರ್ಧದವರೆಗೆ, ಫ್ಲಾಪಿ ಮತ್ತು ಸಿ.ಡಿ.ಗಳಲ್ಲಿ ಮಾರಾಟವಾದ ಕಂಪ್ಯೂಟರ್ ಆಟಗಳಲ್ಲಿ ಒಂದಷ್ಟು ಈಗ ಸ್ಟೀಮ್, ಗಾಗ್ ಮೊದಲಾದ ಅಂತರಜಾಲ ಮಳಿಗೆಗಳಲ್ಲಿ ಮತ್ತೆ ಬಿಕರಿಗಿವೆ. ಆ ಪಾಲು ತೀರ ಚಿಕ್ಕದು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಮತ್ತು ಸಾಫ್ಟ್‌ವೇರ್ ಪ್ರಿಸರ್ವೇಶನ್ ನೆಟ್‌ವರ್ಕ್ ಸಂಸ್ಥೆಗಳು 2023ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲೇ ಇಲ್ಲ. ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್ ಆಟಗಳೂ ಸೇರಿದ ಲೆಕ್ಕ ಅದು. 1980ರ ದಶಕದಲ್ಲಿ ಮನೆಮನೆಗೆ ಹೋದ ಕಮೋಡೋರ್ 64 ಕಂಪ್ಯೂಟರಿನ ಆಟಗಳನ್ನೇ ಬೇರೆಯಾಗಿ ಎಣಿಸಿದಾಗ ಸಿಗುವಂಥವು ಶೇ. 5ನ್ನೂ ಮುಟ್ಟಲಿಲ್ಲ.

ಹಳೆಯ ಆಟ ಹೊಸ ಯಂತ್ರದಲ್ಲಿ ಓಡುವುದಿಲ್ಲ, ಹಾಗಾಗಿ ಮಾರುತ್ತಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಆದರೆ ಓಡಿಸುವ ಕೆಲಸವನ್ನು ಹವ್ಯಾಸಿಗಳು ಎಂದೋ ಮುಗಿಸಿದ್ದಾರೆ. ಒಂದು ಆಟ ಮಳಿಗೆಗೆ ಬರುತ್ತದೋ ಇಲ್ಲವೋ ಎಂಬುದನ್ನು ಬಹುತೇಕ ನಿರ್ಧರಿಸುವುದು ಕಾಗದಪತ್ರ: ಹಕ್ಕು ಯಾರಲ್ಲಿದೆ, ಅವರಿಗೆ ಅದು ಗೊತ್ತಿದೆಯೇ, ಗೊತ್ತಿದ್ದರೆ ಸಹಿ ಹಾಕುವಷ್ಟು ಆಸಕ್ತಿ ಇದೆಯೇ.

ಮಳಿಗೆಗಳು

ವಾಲ್ವ್ ಕಂಪನಿ 2003ರ ಸೆಪ್ಟೆಂಬರಿನಲ್ಲಿ ಸ್ಟೀಮ್ ಆರಂಭಿಸಿದಾಗ ಅದರ ಉದ್ದೇಶ ಕೌಂಟರ್-ಸ್ಟ್ರೈಕ್‌ನಂಥ ಸ್ವಂತ ಆಟಗಳಿಗೆ ತಿದ್ದುಪಡಿ (ಪ್ಯಾಚ್) ತಲುಪಿಸುವುದಷ್ಟೇ ಆಗಿತ್ತು. ಬೇರೆ ಕಂಪನಿಗಳ ಆಟ ಅಲ್ಲಿ ಬಿಕರಿಯಾಗತೊಡಗಿದ್ದು 2005ರಿಂದ. 2007ರಲ್ಲಿ ಐಡಿ ಸಾಫ್ಟ್‌ವೇರ್ ತನ್ನ ಡೂಮ್, ಕ್ವೇಕ್ ಮುಂತಾದ ಹಳೆಯ ಸರಕನ್ನೆಲ್ಲ ಒಟ್ಟು ಕಟ್ಟಿ ಸ್ಟೀಮ್‌ಗೆ ತಂದಿತು. ಹಳೆಯ ಆಟಗಳಿಗೂ ಗಿರಾಕಿಗಳಿದ್ದಾರೆ ಎಂದು ಪ್ರಕಾಶಕರಿಗೆ ತಿಳಿದ ಸಂದರ್ಭಗಳಲ್ಲಿ ಅದೂ ಒಂದು. ಆದರೆ ಇಳಿಸಿಕೊಂಡ ಆಟ ಓಡದಿದ್ದರೆ ಅದು ಕೊಂಡವರ ಹಣೆಬರಹ ಎಂಬಂತೆಯೇ ಸ್ಟೀಮ್ ಬಹುಕಾಲ ನಡೆದುಕೊಂಡಿತು.

ಹಳೆಯ ಆಟಗಳಿಗೆಂದೇ ಮಳಿಗೆ ತೆರೆದವರು ಪೋಲೆಂಡಿನವರು. ಮಾರ್ಚಿನ್ ಇವಿನ್‌ಸ್ಕಿ ಮತ್ತು ಮಿಹಾವ್ ಕಿಚಿನ್‌ಸ್ಕಿ ಎಂಬ ಸಹಪಾಠಿಗಳು 1994ರಲ್ಲಿ ವಾರ್ಸಾದಲ್ಲಿ ಸಿ.ಡಿ. ಪ್ರೊಜೆಕ್ಟ್ ಕಂಪನಿ ಕಟ್ಟಿದರು. ವಿದೇಶದಿಂದ ಆಟದ ಸಿ.ಡಿ.ಗಳನ್ನು ತರಿಸಿ ಮಾರುವುದು ಅವರ ಕಸುಬು. ಕಮ್ಯುನಿಸ್ಟ್ ಆಡಳಿತ ಆಗಷ್ಟೇ ಕೊನೆಗೊಂಡಿದ್ದ ಪೋಲೆಂಡಿನಲ್ಲಿ ಸಂತೆಯ ಮಳಿಗೆಗಳ ತುಂಬ ನಕಲಿ ಸಿ.ಡಿ.ಗಳಿದ್ದವು, ಅಸಲಿ ಕೊಳ್ಳುವ ರೂಢಿಯೇ ಇರಲಿಲ್ಲ. 1999ರಲ್ಲಿ ಬಾಲ್ಡರ್ಸ್ ಗೇಟ್ ಆಟವನ್ನು ಅವರು ಪೋಲಿಷ್ ನಟರ ಧ್ವನಿಯೊಡನೆ, ನಕ್ಷೆ, ಕೈಪಿಡಿಗಳನ್ನೆಲ್ಲ ತುಂಬಿದ ದಪ್ಪ ಪೆಟ್ಟಿಗೆಯಲ್ಲಿ ತಂದರು. ನಕಲಿಗಿಂತ ಅಸಲಿಯನ್ನು ಹೆಚ್ಚು ಆಸೆ ಹುಟ್ಟಿಸುವಂತೆ ಮಾಡಿದರೆ ಜನ ಕೊಳ್ಳುತ್ತಾರೆ ಎಂಬ ಎಣಿಕೆ ಫಲಿಸಿತು. ಇದೇ ಎಣಿಕೆಯ ಮೇಲೆ 2008ರಲ್ಲಿ ಗುಡ್ ಓಲ್ಡ್ ಗೇಮ್ಸ್ ಹುಟ್ಟಿತು. ಬೆಲೆ 5.99 ಇಲ್ಲವೇ 9.99 ಡಾಲರ್, ನಕಲು ತಡೆಯುವ ಡಿ.ಆರ್.ಎಂ. ಬೀಗ ಇಲ್ಲ, ಕೈಪಿಡಿಯ ಪಿ.ಡಿ.ಎಫ್., ಆಟದ ಸಂಗೀತ ಕೊಸರಾಗಿ ಉಚಿತ. ಮುಖ್ಯವಾಗಿ, ಇಂದಿನ ವಿಂಡೋಸ್‌ನಲ್ಲಿ ಆಟ ಓಡುತ್ತದೆಂಬ ಭರವಸೆ. ಇಂಟರ್‌ಪ್ಲೇ ಕಂಪನಿಯ ಫಾಲ್‌ಔಟ್ ಮೊದಲ ಕಂತಿನಲ್ಲೇ ಇತ್ತು.

2010ರ ಸೆಪ್ಟೆಂಬರಿನಲ್ಲಿ ಈ ಮಳಿಗೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿ, ಕೊಂಡ ಆಟಗಳನ್ನು ಇನ್ನೂ ಇಳಿಸಿಕೊಳ್ಳದವರನ್ನು ಗಾಬರಿಗೊಳಿಸಿತು. ಕೆಲವೇ ದಿನಗಳಲ್ಲಿ ಅದರ ಮುಖ್ಯಸ್ಥರು ಸಂನ್ಯಾಸಿಗಳ ನಿಲುವಂಗಿ ತೊಟ್ಟು ವಿಡಿಯೊದಲ್ಲಿ ಕಾಣಿಸಿಕೊಂಡು, ಇದೆಲ್ಲ ಹೊಸ ತಾಣದ ಪ್ರಚಾರಕ್ಕಾಗಿ ಎಂದರು, ಕ್ಷಮೆಯನ್ನೂ ಕೇಳಿದರು. ನಂಬಿಕೆಯ ಮೇಲೆ ನಿಂತ ಅಂಗಡಿ ಆಡಬಾರದಿದ್ದ ಆಟ ಅದು. 2012ರಲ್ಲಿ ಹೆಸರು ಬರೀ ಗಾಗ್ ಆಯಿತು, ಹೊಸ ಆಟಗಳೂ ಕಪಾಟಿಗೆ ಬಂದವು. 2024ರ ನವೆಂಬರಿನಲ್ಲಿ 100 ಹಳೆಯ ಆಟಗಳನ್ನು ಆಯ್ದು, ಅವು ಮುಂದೆಯೂ ಓಡುವಂತೆ ತಾನೇ ನೋಡಿಕೊಳ್ಳುವುದಾಗಿ ಗಾಗ್ ಸಂರಕ್ಷಣಾ ಯೋಜನೆಯೊಂದನ್ನು ಘೋಷಿಸಿತು. ಪಟ್ಟಿ ಆಮೇಲೆ ಬೆಳೆಯುತ್ತ ಬಂದಿದೆ. 2025ರ ಡಿಸೆಂಬರಿನಲ್ಲಿ ಸಿ.ಡಿ. ಪ್ರೊಜೆಕ್ಟ್ ಈ ಮಳಿಗೆಯನ್ನು ಸ್ಥಾಪಕರಲ್ಲೊಬ್ಬರಾದ ಕಿಚಿನ್‌ಸ್ಕಿಯವರಿಗೇ ಮಾರುವುದಾಗಿ ಪ್ರಕಟಿಸಿತು.

ಓಡಿಸುವ ಬಗೆ

ಗಾಗ್‌ನಿಂದ ಒಂದು ಡಾಸ್ ಆಟ ಕೊಂಡು ಅದರ ಫೋಲ್ಡರ್ ತೆರೆದು ನೋಡಿದರೆ ಒಳಗಿನ ಏರ್ಪಾಡು ತಿಳಿಯುತ್ತದೆ. ಆಟದ ಕಡತಗಳು 30 ವರ್ಷ ಹಿಂದಿನವೇ. ಅವುಗಳ ಪಕ್ಕದಲ್ಲಿ ಡಾಸ್‌ಬಾಕ್ಸ್ ಎಂಬ ಪುಟ್ಟ ಫೋಲ್ಡರ್, ಜೊತೆಗೆ ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದಾದ ಒಂದೆರಡು ಸೆಟ್ಟಿಂಗ್ ಕಡತಗಳು. ಯಾವ ಫೋಲ್ಡರನ್ನು ಸಿ ಡ್ರೈವ್ ಎಂದು ನಂಬಿಸಬೇಕು, ಯಾವ ಕಡತವನ್ನು ಸಿ.ಡಿ. ಎಂದು ತೋರಿಸಬೇಕು, ಸೌಂಡ್ ಕಾರ್ಡ್ ಯಾವುದೆಂದು ಹೇಳಬೇಕು, ಪ್ರೊಸೆಸರನ್ನು ಎಷ್ಟು ನಿಧಾನವಾಗಿ ಓಡಿಸಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಈ ಕೊನೆಯ ಸಾಲೇ ಎಷ್ಟೋ ಆಟಗಳ ಜೀವ. ಯಂತ್ರದ ವೇಗವನ್ನೇ ಗಡಿಯಾರ ಮಾಡಿಕೊಂಡು ಬರೆದ ಆಟ ಇಂದಿನ ಪ್ರೊಸೆಸರಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಆಟದಲ್ಲಿ ತೊಡಕು ಕಂಡವರು ಮೊದಲು ಕೈಹಾಕುವುದೂ ಅಲ್ಲಿಗೇ, ಆ ಅಂಕಿಯನ್ನು ಹಿಗ್ಗಿಸಿ ಕುಗ್ಗಿಸಿ ನೋಡುವುದಕ್ಕೆ.

ಡಾಸ್‌ಬಾಕ್ಸ್ ಯಾವ ಕಂಪನಿಯ ಸರಕೂ ಅಲ್ಲ. ನೆದರ್ಲೆಂಡಿನ ಪೀಟರ್ ವೀನ್‌ಸ್ಟ್ರಾ ಮತ್ತು ಶೂರ್ಡ್ ಫಾನ್ ಡರ್ ಬರ್ಗ್ ಬರೆಯತೊಡಗಿದ, ಹಳೆಯ ಯಂತ್ರವನ್ನು ಅನುಕರಿಸುವ ಈ ಎಮ್ಯುಲೇಟರ್ 2002ರಲ್ಲಿ ಹೊರಬಂತು. ಯಾರು ಬೇಕಾದರೂ ಬಳಸಿ ಹಂಚಬಹುದಾದ ಮುಕ್ತ ತಂತ್ರಾಂಶ. ಲ್ಯೂಕಸ್‌ಆರ್ಟ್ಸ್‌ನಂಥ ಕಂಪನಿಗಳ ಸಾಹಸ ಆಟಗಳಿಗೆಂದು ಲುಡ್ವಿಗ್ ಸ್ಟ್ರಿಗೇಯಸ್ ಮತ್ತು ವಿನ್ಸೆಂಟ್ ಹ್ಯಾಮ್ 2001ರಲ್ಲಿ ಶುರುಮಾಡಿದ ಸ್ಕಮ್‌ವಿಎಂ ಕೂಡ ಇಂಥದೇ. ಹಳೆಯ ಆಟಗಳ ವ್ಯಾಪಾರದ ಬಹುಭಾಗ ಹವ್ಯಾಸಿಗಳ ಈ ಬಿಟ್ಟಿ ದುಡಿಮೆಯ ಮೇಲೆ ನಿಂತಿದೆ. ಬೆಲೆಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ವಿಂಡೋಸ್ ಕಾಲದ ಆಟಗಳು ಡಾಸ್ ಆಟಗಳಿಗಿಂತ ಹಟಮಾರಿ. 1990ರ ದಶಕದ ಹಲವು ಆಟಗಳ ಇನ್‌ಸ್ಟಾಲರ್ 16 ಬಿಟ್‌ನದು, 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದೇ ಇಲ್ಲ. ಆ ಕಾಲದ 3ಡಿಎಫ್‌ಎಕ್ಸ್ ಗ್ರಾಫಿಕ್ಸ್ ಕಾರ್ಡಿಗೆಂದು ಬರೆದವನ್ನು ಓಡಿಸಲು ನಡುವೆ ದುಭಾಷಿಯಂಥ ಮತ್ತೊಂದು ತಂತ್ರಾಂಶ ಬೇಕು. ಸೇಫ್‌ಡಿಸ್ಕ್ ಎಂಬ, ಸಿ.ಡಿ. ನಕಲು ತಡೆಯುವ ಬೀಗದ ಡ್ರೈವರಿನಲ್ಲಿ ಭದ್ರತಾ ದೋಷವಿದ್ದುದರಿಂದ ಮೈಕ್ರೋಸಾಫ್ಟ್ 2015ರಲ್ಲಿ ಅದನ್ನು ಕೈಬಿಟ್ಟಿತು; ಅಂದಿನಿಂದ ಅಸಲಿ ಸಿ.ಡಿ. ಇಟ್ಟುಕೊಂಡವರ ಆಟವೂ ವಿಂಡೋಸ್ 10ರಲ್ಲಿ ಏಳುವುದಿಲ್ಲ. ದುಡ್ಡು ಕೊಟ್ಟು ತಂದವರನ್ನೇ ಬೀಗ ಹೊರಗಿಟ್ಟ ಪ್ರಸಂಗ ಇದು. ಅದಕ್ಕೂ ಹಿಂದಿನ ಬೀಗಗಳು ಕಾಗದದವು. ಮಂಕಿ ಐಲ್ಯಾಂಡ್ ಆಟದ ಜೊತೆ ಬರುತ್ತಿದ್ದ ಎರಡು ಪದರದ ರಟ್ಟಿನ ಚಕ್ರವನ್ನು ತಿರುಗಿಸಿ, ಕಡಲುಗಳ್ಳನ ಮೇಲ್ಮುಖ ಕೆಳಮುಖ ಹೊಂದಿಸಿ, ಕಂಡಿಯಲ್ಲಿ ಕಾಣುವ ಇಸವಿಯನ್ನು ಟೈಪ್ ಮಾಡಿದರಷ್ಟೇ ಆಟ ಶುರು. ಮಳಿಗೆಗಳು ಇಂಥ ಪರೀಕ್ಷೆಗಳನ್ನು ತೆಗೆದುಹಾಕುತ್ತವೆ, ಆಗದಿದ್ದರೆ ಕೈಪಿಡಿಯ ಪುಟಗಳನ್ನು ಸ್ಕ್ಯಾನ್ ಮಾಡಿ ಜೊತೆಗಿಡುತ್ತವೆ.

ಹಕ್ಕಿನ ಗೋಜಲು

ಆಟ ತಯಾರಿಸಿದವರು ಒಬ್ಬರು, ಪ್ರಕಟಿಸಿದವರು ಇನ್ನೊಬ್ಬರು, ಹೆಸರಿನ ಟ್ರೇಡ್‌ಮಾರ್ಕ್ ಮತ್ತೊಬ್ಬರದು. 20 ವರ್ಷಗಳಲ್ಲಿ ಇವರಲ್ಲಿ ಒಬ್ಬರು ದಿವಾಳಿ, ಒಬ್ಬರು ವಿಲೀನ. ಆಸ್ತಿಪಾಸ್ತಿ ಹಂಚುವಾಗ ಆಟದ ಹಕ್ಕು ಎಲ್ಲಿ ಹೋಗಿ ಬಿದ್ದಿತೆಂದು ಯಾರೂ ಗಮನಿಸಿರುವುದಿಲ್ಲ.

ಸಿಸ್ಟಂ ಶಾಕ್ 2 ಆಟವನ್ನು 1999ರಲ್ಲಿ ಇರ‍್ಯಾಷನಲ್ ಗೇಮ್ಸ್ ಮತ್ತು ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ಸೇರಿ ತಯಾರಿಸಿದವು. ಮರುವರ್ಷವೇ ಲುಕಿಂಗ್ ಗ್ಲಾಸ್ ಮುಚ್ಚಿತು. ಟ್ರೇಡ್‌ಮಾರ್ಕ್ ಎಲೆಕ್ಟ್ರಾನಿಕ್ ಆರ್ಟ್ಸ್ ಬಳಿ ಉಳಿಯಿತು, ಹಕ್ಕುಸ್ವಾಮ್ಯ ಮಾತ್ರ ಆಟಗಳ ಗಂಧಗಾಳಿ ಇಲ್ಲದ ಒಂದು ವಿಮಾ ಕಂಪನಿಯ ಪಾಲಾಯಿತು. ಹಲವು ವರ್ಷ ಆ ಆಟ ಎಲ್ಲೂ ಮಾರಾಟಕ್ಕಿರಲಿಲ್ಲ. 2012ರಲ್ಲಿ ಸ್ಟೀಫನ್ ಕಿಕ್ ಎಂಬ ಅಮೆರಿಕನ್ ಕಲಾವಿದ ಕೆಲಸ ಬಿಟ್ಟು ಮಧ್ಯ ಅಮೆರಿಕ ಸುತ್ತುತ್ತಿದ್ದಾಗ, ಗ್ವಾಟೆಮಾಲಾದಲ್ಲಿ ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಆಡಲು ಹೋದ, ಅದು ಓಡಲಿಲ್ಲ. ಕೊಳ್ಳೋಣವೆಂದರೆ ಎಲ್ಲೂ ಇಲ್ಲ. ಹಕ್ಕು ಯಾರದೆಂದು ಹುಡುಕುತ್ತ ಹೋಗಿ ವಿಮಾ ಕಂಪನಿಗೇ ಪತ್ರ ಬರೆದ. ಅವರು ಒಪ್ಪಿದರು. 2013ರ ಫೆಬ್ರವರಿಯಲ್ಲಿ ಆಟ ಗಾಗ್‌ನಲ್ಲಿ ಬಿಕರಿಗೆ ಬಂತು. ಈ ಒಂದು ವ್ಯವಹಾರಕ್ಕೆಂದು ಕಿಕ್ ಹುಟ್ಟುಹಾಕಿದ ನೈಟ್‌ಡೈವ್ ಸ್ಟುಡಿಯೋಸ್ ಮುಂದೆ ಇಂಥ ಕಳೆದುಹೋದ ಆಟಗಳನ್ನು ಹುಡುಕಿ ತರುವುದನ್ನೇ ಕಸುಬು ಮಾಡಿಕೊಂಡಿತು. 2023ರಲ್ಲಿ ಅಟಾರಿ ಅದನ್ನು ಕೊಂಡಿತು.

ಅದೇ ನೈಟ್‌ಡೈವ್ ಕೈಸೋತದ್ದು ನೋ ಒನ್ ಲಿವ್ಸ್ ಫಾರೆವರ್ ಆಟದಲ್ಲಿ. ಕೇಟ್ ಆರ್ಚರ್ ಎಂಬ ಗೂಢಚಾರಿಣಿಯ ಈ ತಮಾಷೆಯ ಆಟವನ್ನು 2000ದಲ್ಲಿ ಮೊನೊಲಿತ್ ತಯಾರಿಸಿತು, ಫಾಕ್ಸ್ ಇಂಟರಾಕ್ಟಿವ್ ಪ್ರಕಟಿಸಿತು. ಆಮೇಲೆ ಫಾಕ್ಸ್ ತನ್ನ ಆಟದ ವಿಭಾಗವನ್ನು ವಿವೆಂಡಿಗೆ ಮಾರಿತು. ವಿವೆಂಡಿಯ ಆಟದ ವಿಭಾಗ 2008ರಲ್ಲಿ ಆ್ಯಕ್ಟಿವಿಷನ್ ಜೊತೆ ಕೂಡಿಕೊಂಡಿತು. ಮೊನೊಲಿತ್ ಅಷ್ಟರಲ್ಲಿ ವಾರ್ನರ್ ಬ್ರದರ್ಸ್ ಮಡಿಲು ಸೇರಿತ್ತು. ನೈಟ್‌ಡೈವ್ ಫಾಕ್ಸ್, ಆ್ಯಕ್ಟಿವಿಷನ್, ವಾರ್ನರ್ ಮೂವರ ಬಾಗಿಲನ್ನೂ ತಟ್ಟಿತು. ಹಕ್ಕು ತಮ್ಮಲ್ಲಿದೆಯೇ ಎಂದು ಖಚಿತವಾಗಿ ಹೇಳಬಲ್ಲವರಿರಲಿಲ್ಲ. ಇದ್ದರೂ ಒಪ್ಪಂದ ಕಂಪ್ಯೂಟರಿಗೆ ಏರದ ಕಾಲದ್ದು, ಕಾಗದ ಯಾವ ಪೆಟ್ಟಿಗೆಯಲ್ಲಿದೆಯೋ ಏನೋ. ಹುಡುಕುವ ಖರ್ಚಿಗೆ ತಕ್ಕ ಆದಾಯ ಯಾರಿಗೂ ಕಾಣಲಿಲ್ಲ. ಆದರೂ ನೈಟ್‌ಡೈವ್ ತಾನೇ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದಾಗ ವಾರ್ನರ್ ತಕರಾರು ತೆಗೆಯಿತು. ತಮ್ಮದೆಂದು ಗೊತ್ತಿಲ್ಲದಿದ್ದರೂ ಬೇರೆಯವರದಾಗಲು ಬಿಡದ ಈ ಸ್ಥಿತಿ ಹಳೆಯ ಆಟಗಳ ಲೋಕದಲ್ಲಿ ಅಪರೂಪವಲ್ಲ. ಆಟ ಇಂದಿಗೂ ಯಾವ ಮಳಿಗೆಯಲ್ಲೂ ಇಲ್ಲ. ಅಭಿಮಾನಿಗಳು ಹೊಸ ವಿಂಡೋಸ್‌ಗೆ ಹೊಂದಿಸಿ ಉಚಿತವಾಗಿ ಹಂಚುತ್ತಿದ್ದಾರೆ, ಅವರನ್ನು ತಡೆಯಲೂ ಯಾರೂ ಬಂದಿಲ್ಲ.

ಹಕ್ಕು ಸ್ಪಷ್ಟವಾಗಿದ್ದಾಗಲೂ ಆಟ ಬಂದು ಹೋಗಿ ಮಾಡುತ್ತದೆ. ಇಂಟರ್‌ಪ್ಲೇ 2007ರಲ್ಲಿ ಫಾಲ್‌ಔಟ್ ಹಕ್ಕನ್ನು ಬೆಥೆಸ್ಡಾ ಕಂಪನಿಗೆ ಮಾರಿದರೂ ಹಳೆಯ ಭಾಗಗಳನ್ನು ಕೆಲವು ವರ್ಷ ಮಾರುವ ಅವಕಾಶ ಉಳಿಸಿಕೊಂಡಿತ್ತು. ಆ ಗಡುವು ಮುಗಿಯುತ್ತಿದ್ದಂತೆ, 2013ರ ಡಿಸೆಂಬರಿನಲ್ಲಿ, ಗಾಗ್ ಅವನ್ನು ಎರಡು ದಿನ ಪುಕ್ಕಟೆ ಹಂಚಿ ಕಪಾಟಿನಿಂದ ತೆಗೆಯಿತು. ಬೆಥೆಸ್ಡಾ ಜೊತೆ ಹೊಸ ಒಪ್ಪಂದವಾಗಿ ಅವು ಮರಳಿದ್ದು 2015ರಲ್ಲಿ. ಡಿಸ್ನಿಯ ವಶಕ್ಕೆ ಹೋಗಿದ್ದ ಲ್ಯೂಕಸ್‌ಆರ್ಟ್ಸ್ ಆಟಗಳ ಕಥೆ ಸುಖಾಂತ: 2014ರ ಅಕ್ಟೋಬರಿನಿಂದ ಎಕ್ಸ್-ವಿಂಗ್, ಟೈ ಫೈಟರ್, ಸ್ಯಾಮ್ ಆ್ಯಂಡ್ ಮ್ಯಾಕ್ಸ್ ಮುಂತಾದವು ಒಂದೊಂದಾಗಿ ಗಾಗ್‌ಗೆ ಬಂದವು.

ಹಾಡುಗಳು ಬೇರೆಯೇ ತಲೆನೋವು. ಚಿತ್ರಗೀತೆ, ರಾಕ್ ಸಂಗೀತಗಳನ್ನು ಆಟಕ್ಕೆ ಸೇರಿಸುವಾಗ ಪರವಾನಗಿ ಪಡೆಯುವುದು ಹಲವೊಮ್ಮೆ ಇಷ್ಟು ವರ್ಷಕ್ಕೆ ಎಂದು. ಅವಧಿ ಮುಗಿದರೆ ಹಾಡು ಹೋಗಬೇಕು, ಇಲ್ಲವೇ ಆಟವೇ ಹೋಗಬೇಕು. ಗ್ರ್ಯಾಂಡ್ ತೆಫ್ಟ್ ಆಟೊ ಸರಣಿಯ ಸ್ಯಾನ್ ಆ್ಯಂಡ್ರಿಯಾಸ್‌ಗೆ 2014ರಲ್ಲಿ ಸ್ಟೀಮ್‌ನಲ್ಲಿ ಬಂದ ಅಪ್‌ಡೇಟ್ ಕಾರಿನ ರೇಡಿಯೊದ ಹಾಡುಗಳಲ್ಲಿ ಹತ್ತಾರನ್ನು ಅಳಿಸಿತು. ಆಲ್ಫಾ ಪ್ರೋಟೊಕಾಲ್ 2019ರಲ್ಲಿ ಸಂಗೀತದ ಹಕ್ಕು ಮುಗಿದು ಪೂರ್ತಿ ಮರೆಯಾಗಿ 2024ರಲ್ಲಿ ಗಾಗ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು.

ಹೊಸ ರೂಪ ಬಂದಾಗ

ಹಳೆಯ ಆಟಕ್ಕೆ ಬಣ್ಣ ಬಳಿದು ಮತ್ತೆ ಮಾರುವ ರೀಮಾಸ್ಟರ್ ಪದ್ಧತಿ ಲಭ್ಯತೆಯನ್ನು ಹೆಚ್ಚಿಸಬೇಕಿತ್ತು. ಎಷ್ಟೋ ಸಲ ಅದೇ ಮೂಲವನ್ನು ಅಂಗಡಿಯಿಂದ ಆಚೆ ದೂಡಿದೆ. ಬ್ಲೇಡ್ ರನ್ನರ್ ಇದಕ್ಕೆ ತಕ್ಕ ನಿದರ್ಶನ. ವೆಸ್ಟ್‌ವುಡ್ ಸ್ಟುಡಿಯೋಸ್ 1997ರಲ್ಲಿ ನಾಲ್ಕು ಸಿ.ಡಿ.ಗಳಲ್ಲಿ ತಂದ ಈ ಪತ್ತೇದಾರಿ ಆಟದ ಸೋರ್ಸ್ ಕೋಡ್ ಕಳೆದುಹೋಗಿತ್ತು. ಸ್ಕಮ್‌ವಿಎಂ ತಂಡದ ಹವ್ಯಾಸಿಗಳು ಸಿ.ಡಿ.ಯಲ್ಲಿನ ಯಂತ್ರಭಾಷೆಯನ್ನು ಸಾಲುಸಾಲಾಗಿ ಬಿಡಿಸಿ, ವರ್ಷಗಟ್ಟಲೆ ಕೂತು, ಆಟವನ್ನು ಓಡಿಸುವ ಎಂಜಿನನ್ನು ಹೊಸದಾಗಿ ಬರೆದರು. ಅದರ ಬಲದ ಮೇಲೆ 2019ರ ಡಿಸೆಂಬರಿನಲ್ಲಿ ಗಾಗ್ ಆಟವನ್ನು ಮಾರಾಟಕ್ಕಿಟ್ಟಿತು. 2022ರ ಜೂನ್‌ನಲ್ಲಿ ನೈಟ್‌ಡೈವ್ ತನ್ನ ಸುಧಾರಿತ ಆವೃತ್ತಿ ತಂದಿತು. ದೃಶ್ಯಗಳು ಮಸುಕು, ದೋಷಗಳು ಹೇರಳ ಎಂದು ಆಡಿದವರು ಸಿಡಿಮಿಡಿಗೊಂಡರು. ಮೂಲ ಆಟವನ್ನು ಆ ಹೊತ್ತಿಗೆ ಬಿಡಿಯಾಗಿ ಮಾರುವುದು ನಿಂತಿತ್ತು. ಗದ್ದಲವಾದ ಮೇಲೆ ಅದನ್ನು ಮತ್ತೆ ಪ್ರತ್ಯೇಕವಾಗಿ ಮಾರಾಟಕ್ಕಿಡಲಾಯಿತು.

ಗ್ರ್ಯಾಂಡ್ ತೆಫ್ಟ್ ಆಟೊದ ಹಳೆಯ ಮೂರು ಆಟಗಳನ್ನು 2021ರ ಅಕ್ಟೋಬರಿನಲ್ಲಿ ಮಳಿಗೆಗಳಿಂದ ತೆಗೆದದ್ದೂ ಹೊಸ ಆವೃತ್ತಿಗೆ ದಾರಿ ಮಾಡಲೆಂದೇ. ಹೊಸತು ನಗೆಪಾಟಲಾದಾಗ ಪ್ರಕಾಶಕ ಕಂಪನಿ ರಾಕ್‌ಸ್ಟಾರ್ ಹಳೆಯವನ್ನು ತನ್ನ ಸ್ವಂತ ಮಳಿಗೆಯಲ್ಲಿ ಮತ್ತೆ ಒದಗಿಸಿತು. ಬ್ಲಿಝಾರ್ಡ್ 2020ರಲ್ಲಿ ವಾರ್‌ಕ್ರಾಫ್ಟ್ 3ರ ಹೊಸ ರೂಪವನ್ನು ಹಳೆಯದನ್ನು ಕೊಂಡಿದ್ದವರ ಮೇಲೂ ಹೇರಿತು; 2024ರ ಡಿಸೆಂಬರಿನಲ್ಲಿ, ರೀಮಾಸ್ಟರ್ ಬಂದ ಮರುತಿಂಗಳೇ, ಮೊದಲೆರಡು ವಾರ್‌ಕ್ರಾಫ್ಟ್‌ಗಳನ್ನು ಗಾಗ್‌ನಿಂದ ಹಿಂತೆಗೆಯಿತು. ಕೊಂಡವರ ಪ್ರತಿಗಳನ್ನು ಮುಂದೆಯೂ ಓಡುವಂತೆ ಇಡುತ್ತೇವೆಂದು ಗಾಗ್ ಹೇಳಿತು.

ಮೂಲವೇ ಮೇಲು ಎನ್ನಲು ಹಳೆಯ ನೆನಪಿನ ಮೋಹವೇ ಕಾರಣವಾಗಬೇಕಿಲ್ಲ. ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್ 3ರ ಎಚ್.ಡಿ. ಆವೃತ್ತಿಯನ್ನು ಯೂಬಿಸಾಫ್ಟ್ 2015ರಲ್ಲಿ ತಂದಾಗ ಅದರಲ್ಲಿ ಎರಡು ವಿಸ್ತರಣೆಗಳೂ ಇರಲಿಲ್ಲ. ಅವುಗಳ ಸೋರ್ಸ್ ಕೋಡ್ ಸಿಕ್ಕಿರಲಿಲ್ಲ. 1999ರ ಆಟವನ್ನು ವಿಸ್ತರಣೆಗಳ ಸಮೇತ ಪೂರ್ತಿಯಾಗಿ ಗಾಗ್‌ನಲ್ಲಿ ಕಡಿಮೆ ಬೆಲೆಗೆ ಕೊಳ್ಳಬಹುದಿತ್ತು, ಈಗಲೂ ಜನ ಕೊಳ್ಳುವುದು ಅದನ್ನೇ.

ಕೊಂಡವರ ಹಕ್ಕು

ಡಿಜಿಟಲ್ ಮಳಿಗೆ ಮಾರುವುದು ಆಟವನ್ನಲ್ಲ, ಆಡುವ ಪರವಾನಗಿಯನ್ನು. ಇದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂದು ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಕಾನೂನು ಮಾಡಿತು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಸ್ಟೀಮ್ ದುಡ್ಡು ಪಾವತಿಸುವ ಪುಟದಲ್ಲೇ ಆ ಸೂಚನೆ ಹಾಕಿತು. ಗಾಗ್‌ನದೂ ಕಾನೂನಿನ ದೃಷ್ಟಿಯಿಂದ ಪರವಾನಗಿಯೇ. ಆದರೆ ಅದರ ಆಫ್‌ಲೈನ್ ಇನ್‌ಸ್ಟಾಲರನ್ನು ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡವರ ಕೈಯಿಂದ ಆಟವನ್ನು ಕಸಿಯುವ ದಾರಿ ಯಾರಿಗೂ ಇಲ್ಲ, ಮಳಿಗೆ ಮುಚ್ಚಿದರೂ. ಹಳೆಯ ಆಟ ಕೊಳ್ಳುವವರಿಗೆ ಉಪಯೋಗಕ್ಕೆ ಬರುವ ವ್ಯತ್ಯಾಸ ಇದೊಂದೇ.

ಜಾಲದ ಮೇಲೆ ಹಲವರು ಕೂಡಿ ಆಡುವ ಭಾಗಕ್ಕೆ ಈ ರಕ್ಷಣೆಯೂ ಇಲ್ಲ. 2000ದ ದಶಕದ ನೂರಾರು ಆಟಗಳನ್ನು ಜೋಡಿಸುತ್ತಿದ್ದ ಗೇಮ್‌ಸ್ಪೈ ಸರ್ವರ್‌ಗಳು 2014ರ ಮೇ 31ರಂದು ನಿಂತವು. ಅವುಗಳಲ್ಲಿ ಹಲವು ಆಟಗಳು ಈಗಲೂ ಮಳಿಗೆಯಲ್ಲಿವೆ, ಅರ್ಧ ಆಟವಾಗಿ.

ಮಳಿಗೆಯ ಹೊರಗೆ

ಮಾರಾಟದಲ್ಲಿಲ್ಲದ ಆಟಗಳನ್ನು ಹಂಚುವ ತಾಣಗಳು 1990ರ ದಶಕದ ಕೊನೆಯಿಂದಲೂ ಇವೆ. ಹಕ್ಕುದಾರರು ಕೇಳಲು ಬಾರದ ಮಾತ್ರಕ್ಕೆ ಹಕ್ಕು ಅಳಿಯುವುದಿಲ್ಲ. ಅಮೆರಿಕದಲ್ಲಿ ಕಂಪನಿಯ ಹೆಸರಿನ ಕೃತಿಗೆ ಪ್ರಕಟಣೆಯಿಂದ 95 ವರ್ಷ ರಕ್ಷಣೆ ಇರುವುದರಿಂದ 1990ರ ಆಟವೊಂದು 2085ರ ಕೊನೆಯವರೆಗೂ ಸಾರ್ವಜನಿಕವಾಗದು. ಫ್ಲಾಪಿ ಅಷ್ಟು ಕಾಲ ಬಾಳುವುದು ಅನುಮಾನ. ಇಂಟರ್ನೆಟ್ ಆರ್ಕೈವ್ 2015ರ ಜನವರಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ತೆರೆದಿಟ್ಟಿತು. ಗ್ರಂಥಾಲಯಗಳು ತಮ್ಮಲ್ಲಿರುವ, ಮಾರಾಟದಲ್ಲಿಲ್ಲದ ಆಟಗಳನ್ನು ಸಂಶೋಧಕರಿಗೆ ದೂರದಿಂದ ತೋರಿಸಲು ಅನುಮತಿ ಕೇಳಿದಾಗ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ನಿರಾಕರಿಸಿತು. ಮಾರುಕಟ್ಟೆಗೆ ಧಕ್ಕೆಯಾಗುತ್ತದೆ ಎಂಬುದು ವಿರೋಧಿಸಿದ ಉದ್ಯಮದವರ ವಾದ. ಮಾರದ ಆಟದ ಮಾರುಕಟ್ಟೆ ಯಾವುದೋ ತಿಳಿಯದು.

ಮನಸ್ಸು ಮಾಡಿ ಉಚಿತವಾಗಿ ಕೊಟ್ಟವರೂ ಇದ್ದಾರೆ. ಬ್ರಿಟನ್ನಿನ ರೆವಲ್ಯೂಷನ್ ಕಂಪನಿ ತನ್ನ 1994ರ ಬಿನೀತ್ ಎ ಸ್ಟೀಲ್ ಸ್ಕೈ ಆಟವನ್ನು 2003ರಲ್ಲಿ ಸ್ಕಮ್‌ವಿಎಂ ತಂಡಕ್ಕೆ ಒಪ್ಪಿಸಿ ಪುಕ್ಕಟೆ ಮಾಡಿತು. ಗಾಗ್‌ನಲ್ಲಿ ಇಂದಿಗೂ ಅದಕ್ಕೆ ಬೆಲೆಯಿಲ್ಲ.

ಭಾರತದಲ್ಲಿ

ಸ್ಟೀಮ್ 2015ರ ನವೆಂಬರಿನಿಂದ ಭಾರತದಲ್ಲಿ ರೂಪಾಯಿ ಬೆಲೆ ತೋರಿಸುತ್ತಿದೆ. ಅದಕ್ಕೆ ಮೊದಲು ಡಾಲರ್ ಬೆಲೆ, ಅಂತರರಾಷ್ಟ್ರೀಯ ಕಾರ್ಡ್ ಎಂಬ ಎರಡು ಅಡೆತಡೆಗಳನ್ನು ದಾಟಿದವರು ಕಡಿಮೆ. ಇಲ್ಲಿ ಹಳೆಯ ಆಟಗಳು ಜನರ ನೆನಪಿನಲ್ಲಿ ಉಳಿದದ್ದು ಅಂಗಡಿಯಲ್ಲಿ ಕೊಂಡ ಪೆಟ್ಟಿಗೆಗಳಿಂದಲ್ಲ. ಕರ್ನಾಟಕದ ಊರುಗಳಲ್ಲಿ 1990ರ ದಶಕದಿಂದ ಈಚೆಗೆ ಬೆಳೆದವರು ಅವನ್ನು ಆಡಿದ್ದು ಶಾಲೆಯ ಕಂಪ್ಯೂಟರ್ ಲ್ಯಾಬು, ಟೈಪಿಂಗ್ ಇನ್‌ಸ್ಟಿಟ್ಯೂಟಿನ ಪಕ್ಕದ ಕಂಪ್ಯೂಟರ್ ತರಗತಿ, ಗಂಟೆ ಲೆಕ್ಕದ ಸೈಬರ್ ಕೆಫೆಗಳಲ್ಲಿ, ಕೈಯಿಂದ ಕೈಗೆ ಬಂದ ನಕಲು ಪ್ರತಿಗಳಲ್ಲಿ. ಡೇವ್, ಪ್ರಿನ್ಸ್, ರೋಡ್ ರ‍್ಯಾಶ್, ವೈಸ್ ಸಿಟಿ ಎಂದರೆ ಅವರಿಗೆ ಬೇರೆ ವಿವರಣೆ ಬೇಡ. ಡಾಸ್ ಪ್ರಾಂಪ್ಟಿನಲ್ಲಿ ಪ್ರಿನ್ಸ್ ಎಂದು ಟೈಪ್ ಮಾಡಿ ಪಕ್ಕದಲ್ಲಿ ಮೆಗಾಹಿಟ್ ಎಂದು ಸೇರಿಸಿದರೆ ಹಂತಗಳನ್ನು ಹಾರಿಸಿಕೊಂಡು ಹೋಗಬಹುದೆಂಬ ಗುಟ್ಟು ಯಾವ ಕೈಪಿಡಿಯೂ ಇಲ್ಲದೆ ಲ್ಯಾಬಿನಿಂದ ಲ್ಯಾಬಿಗೆ ಹಬ್ಬಿತ್ತು.

ಇವುಗಳ ಇಂದಿನ ಸ್ಥಿತಿ ಒಂದೊಂದರದು ಒಂದೊಂದು ಬಗೆ. ಜಾನ್ ರೊಮೆರೊ ಬರೆದ ಡೇಂಜರಸ್ ಡೇವ್, ಅದರ ಮುಂದಿನ ಭಾಗಗಳ ಜೊತೆ ಒಂದು ಕಟ್ಟಾಗಿ ಗಾಗ್‌ಗೆ ಬಂದಿದೆ. ಗ್ರ್ಯಾಂಡ್ ತೆಫ್ಟ್ ಆಟೊದ ಆ ಮೂರು ಹಳೆಯ ಆಟಗಳಲ್ಲಿ ಒಂದಾದ ವೈಸ್ ಸಿಟಿಯ 2003ರ ಪಿಸಿ ಆವೃತ್ತಿ ಸ್ಟೀಮ್‌ನ ಕಪಾಟಿಗೆ ಹಿಂದಿರುಗಿಲ್ಲ. ಹೊಸದಾಗಿ ಕೊಳ್ಳುವವರಿಗೆ ಅಲ್ಲಿ ಸಿಗುವುದು 2021ರ ಮರುರೂಪ. ಎಲೆಕ್ಟ್ರಾನಿಕ್ ಆರ್ಟ್ಸ್ 1996ರಲ್ಲಿ ಸೌಂಡ್‌ಗಾರ್ಡನ್ ಮುಂತಾದ ತಂಡಗಳ ಹಾಡುಗಳೊಡನೆ ಪಿಸಿಗೆ ತಂದ ರೋಡ್ ರ‍್ಯಾಶ್ ಯಾವ ಮಳಿಗೆಯಲ್ಲೂ ಇಲ್ಲ. ಪ್ರಿನ್ಸ್ ಆಫ್ ಪರ್ಷಿಯಾದ ಡಾಸ್ ಆವೃತ್ತಿಯೂ ಸ್ಟೀಮ್, ಗಾಗ್‌ಗಳಲ್ಲಿ ಮಾರಾಟಕ್ಕಿಲ್ಲ. ಯೂಬಿಸಾಫ್ಟ್ 2003ರ ಸ್ಯಾಂಡ್ಸ್ ಆಫ್ ಟೈಮ್‌ನಿಂದೀಚಿನ ಭಾಗಗಳನ್ನು ಅಲ್ಲಿ ಇಟ್ಟಿದೆ. ಆಟದ ಕರ್ತೃ ಜೋರ್ಡನ್ ಮೆಕ್ನರ್ 2012ರಲ್ಲಿ, ತಂದೆಯ ಮನೆಯ ಪೆಟ್ಟಿಗೆಯೊಂದರಲ್ಲಿ ಸಿಕ್ಕ ಫ್ಲಾಪಿಗಳಿಂದ 1989ರ ಆ್ಯಪಲ್ 2 ಆವೃತ್ತಿಯ ಸೋರ್ಸ್ ಕೋಡ್ ಬಿಡಿಸಿ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಓದಲು ಇಟ್ಟರು. ಡಾಸ್ ಆವೃತ್ತಿಯನ್ನು ಅಭಿಮಾನಿಗಳೇ ಬಿಡಿಸಿ ಮರಳಿ ಬರೆದ ಎಸ್‌ಡಿಎಲ್‌ಪಾಪ್ ಇಂದಿನ ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ, ಮೆಗಾಹಿಟ್ ಸಮೇತ.